ಕೂದಲೆಳೆಯ ಕೈಚಳಕ

ತನ್ನ ಭಾಮೈದನಿಗೆ ಎಂಜಿನ್ನಿನ ಸ್ಪಾರ್ಕ್ ಪ್ಲಗ್ ಬಿಚ್ಚುವುದನ್ನು ಗಿಣಿಗೆ ಹೇಳಿದ ಹಾಗೆ ಹೇಳಿಕೊಟ್ಟವನೇ ಮೆಕ್ಯಾನಿಕ್ ಕೂದಲೆಳೆ. ಕೂದಲೆಳೆಯಷ್ಟು ವ್ಯತ್ಯಾಸವನ್ನೂ ಸಹಿಸದ್ದಕ್ಕೆ ಊರು ಇಟ್ಟ ಹೆಸರು ಅದು. ಈಗ ಊರಿನ ವೈದ್ಯಮ್ಮನ ಹಳೇ ಆರು ಸಿಲಿಂಡರಿನ ಕಾರಿನ ರಿಪೇರಿ ಅದೇ ಭಾಮೈದನ ಪಾಲಾಗಿತ್ತು. "ನಿಮ್ಮ ಕೈ ಚೊಕ್ಕ, ಒಪ್ತೀನಿ. ಆದ್ರೆ ನಿಮ್ಮ ಉಪದೇಶ ಕೇಳೋಕೆ ಇನ್ನೊಂದು ಜನ್ಮ ಬೇಕು," ಎಂದು ವೈದ್ಯಮ್ಮ ಕೂದಲೆಳೆಯ ಕೈಯಿಂದ ಕೀ ಕಿತ್ತುಕೊಂಡಿದ್ದರು. ಆ ಕಾರನ್ನು ಕೂದಲೆಳೆ ಹೆಂಡತಿಗಿಂತ ಚೆನ್ನಾಗಿ ನೋಡಿಕೊಂಡಿದ್ದ. ಹಾಗಂತ ಹೆಂಡತಿಯೇ ಹೇಳುತ್ತಿದ್ದಳು.

ಹೋಗಲಿ, ಭಾಮೈದನಿಗೆ ಕೆಲಸವಾದರೂ ಬರುತ್ತಿತ್ತೇ? ಊರು ಅವನನ್ನು ಕರೆಯುತ್ತಿದ್ದುದೇ ಕಣ್ಣಳತೆ ಎಂದು. ಪ್ಲಗ್ಗಿನ ಕಿಡಿ ಹಾರುವ ಗ್ಯಾಪನ್ನು ಗೇಜಿನ ತೆಳು ಪಟ್ಟಿ ಇಟ್ಟು ಅಳೆದವನಲ್ಲ. ಒಂದು ಕಣ್ಣು ಮುಚ್ಚಿ, ಟಪ್ಪೆಂದು ಕುಟ್ಟಿ, 'ಸಾಕು' ಅನ್ನುವವನು. ಒಂದು ಪ್ಲಗ್ ಬಾಯಿ ಬಿಗಿದುಕೊಂಡಿದ್ದರೆ ಇನ್ನೊಂದು ಆಕಳಿಸುತ್ತಿತ್ತು. ಆದರೂ ಕಾರು ಓಡುತ್ತಿತ್ತು. ಕೂದಲೆಳೆಯ ಹೊಟ್ಟೆ ಉರಿಸಿದ್ದು ಅದೇ.

ಭಾನುವಾರ ಹಳೇ ಕಾರುಗಳ ಮೆರವಣಿಗೆ, ಗುಡ್ಡದ ರಸ್ತೆಯಲ್ಲಿ. ಕೂದಲೆಳೆ ಲೆಕ್ಕ ಹಾಕಿದ: ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಹೆಚ್ಚು ಕಾಯುವ ಜಾತಿಯ ಪ್ಲಗ್ ಆರಿಸಿ ಹಾಕಿದರೆ ಪಿಸ್ಟನ್ನೇ ಸುಟ್ಟೀತು. ಛೆ, ಎಂಜಿನ್ನಿಗೆ ನೋವಾಗಬಾರದು, ಭಾಮೈದನಿಗೆ ಮಾತ್ರ ಆಗಬೇಕು. ಇರುವ ಪ್ಲಗ್ಗುಗಳ ಗ್ಯಾಪ್ ಹಿಗ್ಗಿಸಿದರೆ ಸಾಕು. ಸಮತಟ್ಟಿನಲ್ಲಿ ಕಾರು ಸಾಧುವಾಗಿ ಹೋಗುತ್ತದೆ, ಏರಿನಲ್ಲಿ ಕಿಡಿ ಹಾರದೆ ಕೆಮ್ಮಿ ನಿಲ್ಲುತ್ತದೆ. ಕಣ್ಣಳತೆಯ ಹಣೆಬರಹ ಎಂದು ಜನ ನಗುತ್ತಾರೆ, ಕೀ ತಾನಾಗಿ ವಾಪಸ್ ಬರುತ್ತದೆ.

ಹಿಂದಿನ ದಿನ ಭಾಮೈದ ಊಟಕ್ಕೆ ಹೋದಾಗ ಕೂದಲೆಳೆ ಅವನ ಶೆಡ್ಡಿಗೆ ನುಗ್ಗಿದ. ಕೈಗವಸು ತೊಟ್ಟ. ಪ್ಲಗ್ಗೂ ಭಾಮೈದನದೇ, ಸ್ಪ್ಯಾನರೂ ಭಾಮೈದನದೇ. ಗೇಜ್ ಮಾತ್ರ ತನ್ನದು. ಅಳೆದ, ಬಗ್ಗಿಸಿದ, ಮತ್ತೆ ಅಳೆದ. ಕೆಟ್ಟ ಕೆಲಸವನ್ನೂ ಕೆಟ್ಟದಾಗಿ ಮಾಡುವ ಜಾಯಮಾನ ಅವನದಲ್ಲ. ನೆಲದ ಮೇಲಿದ್ದ ಎಣ್ಣೆಯ ಹೆಜ್ಜೆಯನ್ನೂ ಒರೆಸಿಯೇ ಹೊರಬಂದ.

ಭಾನುವಾರ ಕಾರು ಲೆಕ್ಕ ಹಾಕಿದಂತೆ ಏರಿನ ನಡುವೆ ಕೆಮ್ಮಿ ನಿಂತಿತು. ಕೂದಲೆಳೆ, ಆಕಸ್ಮಿಕವಾಗಿ ಎಂಬಂತೆ, ಅಲ್ಲೇ ಇದ್ದ. ವೈದ್ಯಮ್ಮ ಸಿಟ್ಟಿನಿಂದ ಕೀ ಕಿತ್ತು, ಇಳಿದು, ಅವನತ್ತ ಚಾಚಿಯೂ ಬಿಟ್ಟರು. ಆದರೆ ಅವನಿಗೆ ಅಷ್ಟು ಸಾಲದು. "ಗೇಜ್ ಇಟ್ಟು ನೋಡೋದಲ್ವೇನೋ? ತಗೋ," ಎಂದು ಎಲ್ಲರೆದುರು ದಾನಶೂರನ ಹಾಗೆ ತನ್ನ ಗೇಜನ್ನು ಕಾರಿನಿಂದಿಳಿದ ಭಾಮೈದನಿಗೆ ಕೊಟ್ಟ. ಕಣ್ಣಳತೆ ಬಿಸಿ ಪ್ಲಗ್ಗುಗಳನ್ನು ಬಟ್ಟೆಯಲ್ಲಿ ಹಿಡಿದು ಬಿಚ್ಚಿ, ಸಾಲಾಗಿಟ್ಟು, ಜನ್ಮದಲ್ಲಿ ಮೊದಲ ಸಲ ಅಳೆದ. ಗೇಜಿನ ಒಂದೇ ಪಟ್ಟಿ ಮೊದಲನೆಯದರಲ್ಲಿ ಬಿಗಿಯಾಗಿ ಕೂತಿತು, ಎರಡನೆಯದರಲ್ಲೂ, ಆರನೆಯದರಲ್ಲೂ. ವೈದ್ಯಮ್ಮ ಚಾಚಿದ ಕೈಯನ್ನು ಮೆಲ್ಲಗೆ ಹಿಂದಕ್ಕೆ ತೆಗೆದುಕೊಂಡರು. ಕಣ್ಣಳತೆ ತಲೆ ಕೆರೆದುಕೊಂಡು ಕೇಳಿದ: "ಭಾವ, ಅಳತೆ ತಪ್ಪು, ಒಪ್ಪಿದೆ. ಆದ್ರೆ ಆರೂ ಒಂದೇ ಥರ ತಪ್ಪಾಗಿವೆ. ನನ್ನ ಕೈಯಲ್ಲಿ ಎರಡು ಪ್ಲಗ್ ಒಂದೇ ಥರ ಬಂದಿದ್ದು ಯಾವತ್ತಾದ್ರೂ ಇದ್ಯಾ?"