ಬಿಳಿ ಕಾಗದದ ಬೇಕನ್

“ಗಡಿ ದಾಟಿ ಹೋಗಿ ಬೇಕನ್ ತರ್ತೀರಲ್ಲ, ನಮ್ಮೂರ ಹಂದಿಗಳು ನಿಮಗೇನು ಅನ್ಯಾಯ ಮಾಡಿದ್ವು?”

ವಿಲ್ಡೆ ಮೂಗಿನಲ್ಲೇ ರಾಗ ಎಳೆದಳು. ಇಲ್ಲದ ಕನ್ನಡಕವನ್ನು ಮೂಗಿನ ತುದಿಗೆ ಜಾರಿಸಿ, ಅದರ ಮೇಲಿನಿಂದ ದುರುಗುಟ್ಟಿದಳು.

ಕಾರಿನಲ್ಲಿ ನಗೆಯೋ ನಗೆ. ಗೆಳತಿ ಮಾರ್ತೆ ಹೊಟ್ಟೆ ಹಿಡಿದುಕೊಂಡಳು. ಕಾರು ಓಡಿಸುತ್ತಿದ್ದ ಅವಳಪ್ಪ ರೂನೆ ನಕ್ಕ ರಭಸಕ್ಕೆ ಕಾರೂ ಸ್ವಲ್ಪ ನಕ್ಕಿತು.

“ಥೇಟ್ ತೋರಿಲ್! ಇನ್ನೊಂದ್ಸಲ ಮಾಡೇ, ಇನ್ನೊಂದ್ಸಲ!”

ತೋರಿಲ್ ಅಂದರೆ ವಿಲ್ಡೆಯ ಅಮ್ಮ. ಗಡಿ ಪಕ್ಕದ ಈ ನಾರ್ವೆಯ ಊರಿಗಿರುವ ಒಂದೇ ಒಂದು ದಿನಸಿ ಅಂಗಡಿಯನ್ನು ನೋಡಿಕೊಳ್ಳುವವಳು. ಕೆಳಗೆ ಅಂಗಡಿ, ಮೇಲೆ ಅಮ್ಮ ಮಗಳ ಮನೆ. ಅಂಗಡಿಯೂ ಒಂದು ಕಂಪನಿಯದು, ಮನೆಯೂ ಆ ಕಂಪನಿಯದೇ. ಊರಿನ ಜನ ಶನಿವಾರ ಬಂತೆಂದರೆ ಆ ಅಂಗಡಿಯ ಮುಂದಿನಿಂದಲೇ ಬುರ್ರೆಂದು ಸ್ವೀಡನ್ನಿಗೆ ಹೋಗುತ್ತಾರೆ. ಅಲ್ಲಿ ಎಲ್ಲವೂ ಅಗ್ಗ. “ಬೇಸಿಗೆವರೆಗೂ ನೋಡ್ತೀವಿ, ಆಮೇಲೆ ಬಾಗಿಲು ಹಾಕ್ತೀವಿ” ಎಂದು ಕಂಪನಿಯವರು ಹೇಳಿ ಹೋಗಿದ್ದಾರೆ. ಬಾಗಿಲು ಹಾಕಿದರೆ ಮನೆಯೂ ಇಲ್ಲ, ಈ ಊರೂ ಇಲ್ಲ, ಮಾರ್ತೆಯೂ ಇಲ್ಲ.

ಅದೆಲ್ಲ ಗೊತ್ತಿದ್ದೂ ವಿಲ್ಡೆ ಇವತ್ತು ಈ ಕಾರಿನಲ್ಲಿ ಕೂತಿದ್ದಳು. ಈಸ್ಟರ್ ಹಬ್ಬಕ್ಕೆ ಮುಂಚಿನ ಗುರುವಾರ ನಾರ್ವೆಯ ಅಂಗಡಿಗಳಿಗೆಲ್ಲ ಬೀಗ. ಸ್ವೀಡನ್ನಿನವು ತೆರೆದೇ ಇರುತ್ತವೆ. ಅವತ್ತು ಅರ್ಧ ನಾರ್ವೆ ಅಲ್ಲಿ ಚೀಲ ಹಿಡಿದು ನಿಂತಿರುತ್ತದೆ. ಕ್ಲಾಸಿನಲ್ಲಿ ಅಲ್ಲಿಗೆ ಹೋಗದವಳು ಇವಳೊಬ್ಬಳೇ. “ಸಾವಿರ ಡಬ್ಬ ಮಿಠಾಯಿ ಇರುತ್ತೆ ಕಣೇ, ಚಮಚದಲ್ಲಿ ನಾವೇ ತುಂಬ್ಕೋಬಹುದು” ಎಂದು ಮಾರ್ತೆ ವಾರವಿಡೀ ಕಿವಿ ಕಚ್ಚಿದ್ದಳು. ಕೊನೆಗೆ ವಿಲ್ಡೆ ಮನೆಯಲ್ಲಿ ಸುಳ್ಳು ಹೇಳಿದಳು. “ಮಾರ್ತೆ ಮನೇಲಿ ಈಸ್ಟರ್ ಮೊಟ್ಟೆಗೆ ಬಣ್ಣ ಹಚ್ತೀವಿ.”

“ಹೋಗಿ ಬಾ. ನಾನು ಕೆಳಗೆ ಶೆಲ್ಫ್ ಜೋಡಿಸ್ತಿರ್ತೀನಿ” ಎಂದಿದ್ದಳು ಅಮ್ಮ.

ಹೊರಗೆ ಮಳೆಯೂ ಅಲ್ಲದ ಹಿಮವೂ ಅಲ್ಲದ ಏನೋ ಒಂದು ಸುರಿಯುತ್ತಿತ್ತು. ರಸ್ತೆಯ ಬದಿಯ ಹಿಮವೆಲ್ಲ ಬೂದಿ ಕಲಸಿದ ಗಂಜಿಯಂತಾಗಿತ್ತು.

“ಬೇಕನ್ ಅಂದ್ರೆ ಬೇಕನ್. ಹಂದಿಗೆ ಪಾಸ್‌ಪೋರ್ಟ್ ಇರುತ್ತಾ?” ಎಂದ ರೂನೆ.

“ಇರುತ್ತೆ!” ಎಂದಳು ವಿಲ್ಡೆ. “ನಿಮ್ಮನೆ ಬೇಕನ್ ಹೊಗೆ ಕೊಳವೆ ನೆಕ್ಕಿದ ಹಾಗಿರುತ್ತೆ. ನಮ್ಮನೇದು ನೋಡಿ, ಉಪ್ಪು ಹಿತವಾಗಿರುತ್ತೆ, ಹಿಂದೇನೇ ಸಣ್ಣಗೆ ಸಿಹಿ. ಅಮ್ಮ ಬಿಳಿ ಕಾಗದದಲ್ಲಿ ಸುತ್ತಿಟ್ಟಿರ್ತಾಳೆ. ಕಣ್ಣು ಕಟ್ಟಿ ಬಾಯಿಗಿಟ್ರೂ ಹೇಳ್ತೀನಿ, ಯಾವುದು ನಮ್ಮದು, ಯಾವುದು ಅವರದು ಅಂತ.”

“ಚೀಸು?”

“ನಮ್ಮ ಕಂದು ಚೀಸಿನ ಮುಂದೆ ಅವರದು ಸೋಪು.”

“ಮಿಠಾಯಿ?”

ವಿಲ್ಡೆ ಸ್ವಲ್ಪ ತಡೆದಳು. “ಮಿಠಾಯಿ… ಇನ್ನೂ ತಿಂದು ನೋಡ್ಬೇಕು.”

ಮತ್ತೆ ನಗು.

ಸ್ವೀಡನ್ನಿನ ಅಂಗಡಿಯೊಳಗೆ ಕಾಲಿಟ್ಟಾಗ ವಿಲ್ಡೆಯ ನಗು ನಿಂತಿತು. ಎಷ್ಟು ದೊಡ್ಡದು! ಅಮ್ಮನ ಅಂಗಡಿಯಂಥವು ಇದರ ಹೊಟ್ಟೆಯಲ್ಲಿ ಐವತ್ತು ಹಿಡಿಯುತ್ತಿದ್ದವು. ಕೂಪನ್ ಹಿಡಿದ ಅಜ್ಜಿಯರು, ಅಳುವ ಮಕ್ಕಳು, ಗುಡ್ಡದಂತೆ ತುಂಬಿದ ಟ್ರಾಲಿಗಳು. ಮೀನಿನ ಮೊಟ್ಟೆಯ ಪೇಸ್ಟ್ ಟ್ಯೂಬುಗಳೇ ಒಂದು ಗೋಡೆಯುದ್ದ ಇದ್ದವು. ಸುತ್ತ ಕೇಳಿಸುತ್ತಿದ್ದ ಮಾತೆಲ್ಲ ನಾರ್ವೆಯದೇ. ನಾಲ್ಕು ಮುಖ ಅವರೂರಿನವೇ. ವಾರಕ್ಕೊಮ್ಮೆ ಅಮ್ಮನ ಅಂಗಡಿಗೆ ಬಂದು ಒಂದು ಪ್ಯಾಕೆಟ್ ಹಾಲು ಮಾತ್ರ ಕೊಳ್ಳುವ ಮುಖಗಳು.

ಮಾರ್ತೆ ಮಿಠಾಯಿಯ ಕಡೆ ಓಡಿದಳು. ವಿಲ್ಡೆಯೂ ಒಂದು ಕಾಗದದ ಚೀಲ ಹಿಡಿದಳು. ಆದರೆ ಚಮಚ ಎತ್ತಿದ ಕೈ ಅಲ್ಲೇ ಉಳಿಯಿತು.

ಆಚೆ, ಗರಿಗರಿ ರೊಟ್ಟಿಯ ಶೆಲ್ಫಿನ ಮುಂದೆ ಒಬ್ಬಳು ಹೆಂಗಸು ನಿಂತಿದ್ದಳು. ಜಾಕೆಟ್ಟಿನ ಟೊಪ್ಪಿಗೆಯನ್ನು ಹಣೆಯವರೆಗೂ ಎಳೆದುಕೊಂಡಿದ್ದಳು. ಮುಖ ಕಾಣುತ್ತಿರಲಿಲ್ಲ. ಎರಡು ಪ್ಯಾಕೆಟ್ ತೆಗೆದು ಟ್ರಾಲಿಗೆ ಹಾಕಿಕೊಂಡಳು. ಆಮೇಲೆ ಹಿಂದೆ ಉಳಿದ ಪ್ಯಾಕೆಟ್ಟುಗಳನ್ನು ಒಂದೊಂದಾಗಿ ಮುಂದಕ್ಕೆ ಎಳೆದಳು. ಓರೆಯಾಗಿದ್ದುದನ್ನು ನೇರ ಮಾಡಿದಳು. ಹೆಸರು ಕಾಣುವಂತೆ ತಿರುಗಿಸಿಟ್ಟಳು.

ಬೇರೆಯವರ ಅಂಗಡಿಯ ಶೆಲ್ಫನ್ನು ಯಾರು ಜೋಡಿಸುತ್ತಾರೆ?

ವಿಲ್ಡೆಗೆ ಆ ಕೈ ಗೊತ್ತಿತ್ತು. ದಿನಾ ಬೆಳಗ್ಗೆ ಜಾಮ್ ಬಾಟಲಿಗಳನ್ನು ಹಾಗೇ ತಿರುಗಿಸುವ ಕೈ. ಊಟಕ್ಕೆ ಕೂತಾಗಲೂ ಮೇಜಿನ ಮೇಲಿನ ಕೆಚಪ್ ಬಾಟಲಿಯ ಹೆಸರು ಮುಂದೆ ಬರುವ ಹಾಗೆ ತಿರುಗಿಸದೆ ತಟ್ಟೆ ಮುಟ್ಟದ ಕೈ.

ಟ್ರಾಲಿಯಲ್ಲಿ ಬೇಕನ್ ಇತ್ತು. ದೊಡ್ಡ ಪ್ಯಾಕೆಟ್ಟುಗಳು ನಾಲ್ಕು. ಪ್ರತಿಯೊಂದರ ಮೇಲೂ ಸ್ವೀಡನ್ನಿನ ನೀಲಿ ಹಳದಿ ಬಾವುಟ.

ಬಿಳಿ ಕಾಗದ ಯಾಕೆ ಎಂದು ವಿಲ್ಡೆಗೆ ಈಗ ತಿಳಿಯಿತು.

“ಅಯ್ಯೋ, ಗರಿಗರಿ ರೊಟ್ಟಿ ಮರೆತೇಬಿಟ್ಟೆ!” ರೂನೆಯ ದನಿ ಹಿಂದಿನಿಂದ ಬಂತು. ಅವನ ಟ್ರಾಲಿಯ ಚಕ್ರ ಆ ಕಡೆಗೇ ತಿರುಗುತ್ತಿತ್ತು.

ರೂನೆ ಶಾಲಾ ಬಸ್ಸಿನ ಡ್ರೈವರ್. ಅವನ ಕಣ್ಣಿಗೆ ಬಿದ್ದದ್ದು ಬಸ್ಸಿಗಿಂತ ಮೊದಲೇ ಮನೆಮನೆ ತಲುಪುತ್ತದೆ. “ಗೊತ್ತಾಯ್ತಾ? ತೋರಿಲ್ಲೇ ಸ್ವೀಡನ್ನಿಂದ ತರ್ತಾಳಂತೆ!” ಎಂದು ಒಂದು ಮಾತು ಸಾಕು. ಅಮ್ಮನ ಮಾತಿಗೆ ನಾಚಿಯಾದರೂ ಊರಲ್ಲೇ ಕೊಳ್ಳುವ ಏಳೆಂಟು ಅಜ್ಜ ಅಜ್ಜಿಯರೂ ಈ ಕಡೆ ಕಾರು ಹತ್ತುತ್ತಾರೆ. ಬೇಸಿಗೆವರೆಗೂ ಕಾಯುವುದೇ ಬೇಡ.

ವಿಲ್ಡೆ ಓಡಿಹೋಗಿ ಟ್ರಾಲಿಗೆ ಅಡ್ಡ ನಿಂತಳು. ಸೊಂಟಕ್ಕೆ ಕೈ ಕೊಟ್ಟಳು. ಗಂಟಲು ಬಿರಿಯುವಂತೆ ಶುರುಮಾಡಿದಳು.

“ರೂನೇ! ಗಡಿ ದಾಟಿ ಬಂದು ಬೇಕನ್ ತಗೋತೀಯಲ್ಲ, ನಮ್ಮೂರ ಹಂದಿಗಳು ನಿನಗೇನು ಅನ್ಯಾಯ ಮಾಡಿದ್ವು?”

“ಓಹೋ, ಇಲ್ಲೂ ಶುರುವಾಯ್ತಾ!” ರೂನೆ ನಿಂತುಬಿಟ್ಟ.

“ರೊಟ್ಟಿ ಬೇಕಾ ರೊಟ್ಟಿ? ನಮ್ಮಂಗಡಿ ರೊಟ್ಟಿಗೆ ಹಲ್ಲಿದ್ರೆ ಕಡಿದುಬಿಡ್ತಿತ್ತು ನಿನ್ನ!”

ಸುತ್ತಲಿದ್ದವರೂ ತಿರುಗಿದರು. ಯಾರೋ ಚಪ್ಪಾಳೆ ತಟ್ಟಿದರು. ಊರಿನ ಒಬ್ಬಳಂತೂ “ಅಯ್ಯೋ, ತೋರಿಲ್ ಬಂದ್ಲು ಅಂತ ಎದೆ ಧಸಕ್ಕೆಂತು!” ಎಂದು ನಕ್ಕಳು. ಎಲ್ಲರ ಮುಖ ವಿಲ್ಡೆಯ ಕಡೆ, ಎಲ್ಲರ ಬೆನ್ನು ಶೆಲ್ಫಿನ ಕಡೆ.

ವಿಲ್ಡೆಗೆ ಮಾತ್ರ ಕಾಣುತ್ತಿತ್ತು. ಆ ಕೈ ಒಂದು ಪ್ಯಾಕೆಟ್ಟಿನ ಮೇಲೆ ನಿಂತುಹೋಗಿತ್ತು. ಟೊಪ್ಪಿಗೆ ಈ ಕಡೆ ತಿರುಗಲಿಲ್ಲ. ಇನ್ನೂ ಸ್ವಲ್ಪ ತಗ್ಗಿತು. ಆಮೇಲೆ ಟ್ರಾಲಿ ಮೆಲ್ಲಗೆ ಉರುಳಿ ಶೆಲ್ಫಿನ ಹಿಂದೆ ಮರೆಯಾಯಿತು.

ಒಂದು ಪ್ಯಾಕೆಟ್ ಮಾತ್ರ ಅರ್ಧ ತಿರುಗಿ, ಓರೆಯಾಗಿಯೇ ಉಳಿಯಿತು.

“ಮುಂದೆ?” ಎಂದಳು ಮಾರ್ತೆ.

“ಅಷ್ಟೇ” ಎಂದಳು ವಿಲ್ಡೆ. ಅವಳ ಕಾಗದದ ಚೀಲದಲ್ಲಿ ಒಂದೂ ಮಿಠಾಯಿ ಇರಲಿಲ್ಲ.

ಬರುವಾಗ ಕಾರಿನಲ್ಲಿ ಎಷ್ಟು ಕೇಳಿಕೊಂಡರೂ ಅವಳು ಅನುಕರಣೆ ಮಾಡಲಿಲ್ಲ. “ಹೊಟ್ಟೆ ನೋಯ್ತಿದೆ” ಎಂದಳು. ಅದು ಅವಳ ಇವತ್ತಿನ ಎರಡನೆಯ ಸುಳ್ಳು. ಪೂರ್ತಿ ಸುಳ್ಳೂ ಅಲ್ಲ.

ಸಂಜೆ ಮನೆಗೆ ಬಂದಾಗ ಅಮ್ಮ ಒಲೆಯ ಮುಂದೆ ನಿಂತಿದ್ದಳು. ಬಾಣಲೆಯಲ್ಲಿ ಬೇಕನ್ ಚಿಟಪಟ ಎನ್ನುತ್ತಿತ್ತು. ಪಕ್ಕದಲ್ಲಿ ಬಿಳಿ ಕಾಗದ, ನೀಟಾಗಿ ಮಡಚಿಟ್ಟದ್ದು.

“ಮೊಟ್ಟೆಗೆ ಬಣ್ಣ ಹಚ್ಚಿದ್ರಾ?” ಅಮ್ಮ ತಿರುಗದೆ ಕೇಳಿದಳು.

“ಹ್ಞೂಂ.”

“ಯಾವ ಬಣ್ಣ?”

“ಹಳದಿ. ನಿನ್ನ ಶೆಲ್ಫು ಮುಗೀತಾ?”

“ಮುಗೀತು. ಒಂದೇ ಒಂದು ಉಳೀತು.”

ಅಮ್ಮ ತಟ್ಟೆ ತಂದಿಟ್ಟಳು. ಪ್ರತಿಸಲ ಬೇಕನ್ ಬಡಿಸುವಾಗ ಅವಳೊಂದು ಆಟ ಆಡುತ್ತಿದ್ದಳು. ಕಣ್ಣು ಮುಚ್ಚಿಸಿ, ಒಂದು ತುಂಡು ಬಾಯಿಗಿಟ್ಟು, “ಹೇಳು, ನಮ್ಮದು ಚೆನ್ನಾಗಿದೆಯೋ, ಅವರದೋ?” ಎನ್ನುತ್ತಿದ್ದಳು. ಇವತ್ತು ಕೇಳಲಿಲ್ಲ. ಕೆಚಪ್ ಬಾಟಲಿಯ ಹೆಸರು ಗೋಡೆಯ ಕಡೆಗಿತ್ತು. ಅದನ್ನೂ ತಿರುಗಿಸಲಿಲ್ಲ.

ವಿಲ್ಡೆ ತಾನೇ ಕಣ್ಣು ಮುಚ್ಚಿ ಒಂದು ತುಂಡು ಬಾಯಿಗಿಟ್ಟಳು. ಉಪ್ಪು. ಹಿಂದೇನೇ ಸಣ್ಣಗೆ ಸಿಹಿ. ಯಾವತ್ತಿನದೇ ರುಚಿ.

“ನಮ್ಮದೇ ಚೆನ್ನಾಗಿದೆ ಅಮ್ಮ” ಎಂದಳು.

ಕೆಳಗೆ ಅಂಗಡಿಯ ಫ್ರಿಜ್ಜುಗಳು ಗುಂಯ್ ಎನ್ನುವುದು ನೆಲದ ಮೂಲಕ ಕೇಳಿಸುತ್ತಿತ್ತು. ಅಮ್ಮ ಕನ್ನಡಕ ತೆಗೆದು ಒರೆಸಿಕೊಂಡಳು. ತುಂಬಾ ಹೊತ್ತು ಒರೆಸಿದಳು.

“ವಿಲ್ಡೆ.”

“ಹ್ಞಾಂ?”

“ನಾನು ನಿಜವಾಗ್ಲೂ ಅಷ್ಟೊಂದು ಮೂಗಲ್ಲಿ ಮಾತಾಡ್ತೀನೇನೇ?”

ವಿಲ್ಡೆಯ ಫೋರ್ಕ್ ಗಾಳಿಯಲ್ಲೇ ನಿಂತಿತು. ಅಮ್ಮ ಅವಳನ್ನೇ ನೋಡುತ್ತಿದ್ದಳು, ಕನ್ನಡಕವಿಲ್ಲದ ಬರಿಗಣ್ಣಿನಲ್ಲಿ.

“ಸ್ವಲ್ಪ” ಎಂದಳು ವಿಲ್ಡೆ.

ಅಮ್ಮ ತನ್ನ ತಟ್ಟೆಯಿಂದ ಒಂದು ತುಂಡು ತೆಗೆದು ಮಗಳ ತಟ್ಟೆಗೆ ಹಾಕಿದಳು. ವಿಲ್ಡೆ ಕೈ ಚಾಚಿ, ಕೆಚಪ್ ಬಾಟಲಿಯನ್ನು ಹೆಸರು ಕಾಣುವ ಹಾಗೆ ಮುಂದಕ್ಕೆ ತಿರುಗಿಸಿಟ್ಟಳು.