ಹೆಸರಮನೆಯ ಸೂಜಿ

ಬಹಳ ಹಿಂದೆ, ಹೊಳೆಗಳು ಇನ್ನೂ ತಮ್ಮ ದಾರಿ ಹುಡುಕಿಕೊಳ್ಳುತ್ತಿದ್ದ ಕಾಲದಲ್ಲಿ, ಸುರಗಿನಾಡು ಎಂಬ ಒಂದು ರಾಜ್ಯವಿತ್ತು. ಬೇರೆ ರಾಜ್ಯಗಳಲ್ಲಿ ಆನೆಲಾಯ, ಕುದುರೆಲಾಯ ಇದ್ದಂತೆ ಅಲ್ಲಿ ಒಂದು ಹೆಸರಮನೆ ಇತ್ತು. ಹಾರುವ, ತೆವಳುವ, ಈಜುವ ಪ್ರತಿಯೊಂದಕ್ಕೂ ಅಲ್ಲಿ ಎರಡು ಹೆಸರು ಕೊಡುತ್ತಿದ್ದರು. ಮೊದಲನೆಯದು ಮನೆತನದ ಹೆಸರು, ಎರಡನೆಯದು ಅದರ ಸ್ವಂತ ಹೆಸರು. ಆರು ಕಾಲಿನವುಗಳದ್ದೆಲ್ಲ ಒಂದು ದೊಡ್ಡ ಕೇರಿ. ಆ ಕೇರಿಯೊಳಗೆ ಗಟ್ಟಿ ರೆಕ್ಕೆಯವುಗಳದ್ದು ಒಂದು ಮನೆ, ಮುಟ್ಟಿದರೆ ಕೈಗೆ ಪುಡಿ ಹತ್ತುವ ರೆಕ್ಕೆಯವುಗಳದ್ದು ಇನ್ನೊಂದು ಮನೆ. ಸ್ವಂತ ಹೆಸರು ಯಾವುದನ್ನು ಮೊದಲು ಇಟ್ಟರೋ ಅದೇ ನಿಲ್ಲಬೇಕು. ರಾಜನೇ ಬಂದರೂ ಅಳಿಸುವಂತಿಲ್ಲ. ಮನೆ ತಪ್ಪಿದ್ದರೆ ಮಾತ್ರ ಸರಿಯಾದ ಮನೆಗೆ ಸೇರಿಸಬಹುದು.

ಇನ್ನೊಂದು ಕಟ್ಟಳೆಯೂ ಇತ್ತು. ಹೊಸ ಜೀವಿ ಸಿಕ್ಕ ದಿನವೇ, ಹೊತ್ತು ಮುಳುಗುವುದರೊಳಗೆ, ಅದನ್ನು ಸೂಜಿಗೆ ಚುಚ್ಚಿ ಗಂಧದ ಪೆಟ್ಟಿಗೆಯಲ್ಲಿ ಸಾಕ್ಷಿಯಾಗಿ ಇಡಬೇಕು. ಹೀಗಾಗಿ ಸಾವಿರ ಹುಳುಗಳ ಹೆಸರು ಬಲ್ಲ ಆ ಪಂಡಿತರಲ್ಲಿ ಒಂದೇ ಒಂದು ಹುಳು ಮಾರನೆಯ ದಿನ ಏನು ಮಾಡುತ್ತದೆಂದು ನೋಡಿದವನು ಒಬ್ಬನೂ ಇರಲಿಲ್ಲ. ಓದು ಒಕ್ಕಾಲು, ಬುದ್ಧಿ ಮುಕ್ಕಾಲು ಅಂತ ಹಿರಿಯರು ಸುಮ್ಮನೆ ಹೇಳಲಿಲ್ಲ.

ಹೆಸರಮನೆಯ ಯಜಮಾನ ಬಾಚರಸ. ಅವನಿಗೆ ಇಬ್ಬರು ಹೆಣ್ಣುಮಕ್ಕಳು. ಹಿರಿಯಳು ಮಾಳಬ್ಬೆ, ಅಪ್ಪ ಹೇಳಿದ್ದನ್ನು ಓಲೆಯಲ್ಲಿ ಬರೆಯುವವಳು. ಅಪ್ಪನ ಮಾತೆಂದರೆ ಅವಳಿಗೆ ವೇದವಾಕ್ಯ. ಕಿರಿಯಳು ಕಂಚಲೆ, ಯಾರ ಮಾತನ್ನೂ ಕೇಳದವಳು. ತಾಯಿಯಿಲ್ಲದ ಆ ತಂಗಿಯನ್ನು ಎತ್ತಿ ಆಡಿಸಿ ಬೆಳೆಸಿದವಳು ಮಾಳಬ್ಬೆಯೇ. ಬೈಯುವುದೂ ಅವಳೇ, ತಲೆ ಬಾಚುವುದೂ ಅವಳೇ.

ಆ ರಾಜ್ಯಕ್ಕೊಂದು ಪೀಡೆ ಅಂಟಿಕೊಂಡಿತ್ತು. ಬೋಳುಗುಡ್ಡದ ಮೇಲೆ ಇಂಗಳಕನೆಂಬ ಮಾಂತ್ರಿಕನಿದ್ದ. ಒಂದು ವರ್ಷದಿಂದ ಜನ ಒಬ್ಬೊಬ್ಬರಾಗಿ ಹಾಡುಹಗಲೇ ಮಾಯವಾಗುತ್ತಿದ್ದರು. ಬಾವಿಗೆ ಹೋದವಳ ಕೊಡ ಮಾತ್ರ ಸಿಗುತ್ತಿತ್ತು, ಉಳಲು ಹೋದವನ ನೇಗಿಲು ಮಾತ್ರ ಸಿಗುತ್ತಿತ್ತು, ಪಕ್ಕದಲ್ಲಿ ಅಂಗೈಯಗಲ ಮಸಿಯ ಕಲೆ ಇರುತ್ತಿತ್ತು. ಹೀಗೆ ನಲವತ್ತು ಜನ ಹೋದರು. ಅವರನ್ನು ಬಿಡಿಸಲು ಗುಡ್ಡ ಹತ್ತಿದ ಬಾಚರಸನ ಮೂವರು ಶಿಷ್ಯರೂ ಇಳಿದು ಬರಲಿಲ್ಲ. ಅದೇ ವರ್ಷ ಹೆಸರಮನೆಗೆ ಹೊಸ ಹೊಸ ಹುಳುಗಳು ತಾವಾಗಿಯೇ ಹಾರಿ ಬರುತ್ತಿದ್ದವು. ಇಷ್ಟು ಸಂಕಟದ ನಡುವೆ ಇದೊಂದಾದರೂ ಪುಣ್ಯ ಎಂದುಕೊಂಡು ಬಾಚರಸ ಪೆಟ್ಟಿಗೆ ತುಂಬಿಸುತ್ತಿದ್ದ, ಮಾಳಬ್ಬೆ ಓಲೆ ಬರೆಯುತ್ತಿದ್ದಳು.

ಒಂದು ಬೆಳಿಗ್ಗೆ ಕಂಚಲೆ ಒಂದು ಮಡಕೆ ಹಿಡಿದು ಓಡಿ ಬಂದಳು.

"ಅಪ್ಪಾ, ಅಕ್ಕಾ, ಇಲ್ಲಿ ನೋಡ್ರಿ! ಹೋದ ತಿಂಗಳು ಒಂದು ಹಸಿರು ಹುಳ ಹಿಡಿದು ಇದರೊಳಗೆ ಬಚ್ಚಿಟ್ಟಿದ್ದೆ. ಸೊಪ್ಪು ತಿಂದು ತಿಂದು ಒಂದಿನ ಒಣಗಿದ ಕಾಯಿ ಥರ ಸುತ್ತಿಕೊಂಡು ಮಲಗಿಬಿಡ್ತು. ಇವತ್ತು ಅದೇ ಕಾಯಿ ಒಡೆದು ರೆಕ್ಕೆಯವಳು ಬಂದಿದ್ದಾಳೆ!"

ಬಾಚರಸನ ಮುಖ ಕಪ್ಪಿಟ್ಟಿತು. ಇಪ್ಪತ್ತು ವರ್ಷದ ಹಿಂದೆ ಆ ಹಸಿರು ಹುಳುವಿಗೆ 'ತೆವಳುಮನೆಯ ಹಸುರಿ' ಎಂದು ಹೆಸರಿಟ್ಟವನು ಅವನೇ. ಆಮೇಲೆ ಆ ರೆಕ್ಕೆಯವಳಿಗೆ 'ಪುಡಿರೆಕ್ಕೆಮನೆಯ ಸಂಜೆಗಣ್ಣಿ' ಎಂದವನೂ ಅವನೇ. ಒಣಗಿದ್ದನ್ನು ಕಾಯಿ ಎಂದು ಮರಗಿಡಗಳ ಓಲೆಗೆ ಸೇರಿಸಿದವನೂ ಅವನೇ.

"ಸೂರ್ಯ ಮುಳುಗೋದರೊಳಗೆ ಚುಚ್ಚದೆ ಒಂದು ತಿಂಗಳು ಸಾಕಿದೆಯಾ?" ಎಂದ. "ಮಡಕೆಗೆ ಎಲ್ಲಿಂದಲೋ ಚಿಟ್ಟೆ ಹೊಕ್ಕಿದೆ, ಅಷ್ಟೇ."

"ಅಕ್ಕಾ, ನೀನಾದ್ರೂ ನೋಡೇ."

ಮಾಳಬ್ಬೆ ಮಡಕೆಯೊಳಗೆ ನೋಡಿದಳು. ಒಡೆದ ಸಿಪ್ಪೆ ಕಂಡಿತು, ಅದರ ಮೇಲೆ ಇನ್ನೂ ಒದ್ದೆಯಾಗಿದ್ದ ರೆಕ್ಕೆ ಕಂಡಿತು. ಕಂಡರೂ, "ಹಾಗಾದ್ರೆ ಅಪ್ಪ ಬರೆಸಿದ್ದು ಸುಳ್ಳಾ? ಸುಮ್ಮನೆ ಹೋಗೇ" ಎಂದಳು.

"ಇನ್ನೊಂದು ಕಾಯಿ ತಂದು ನಿಮ್ಮ ಕಣ್ಣೆದುರಿಗೇ ಇಡ್ತೀನಿ" ಎಂದು ಕಂಚಲೆ ಹಿತ್ತಲಿನ ಮರದ ಕಡೆ ಹೋದಳು. ತಿರುಗಿ ಬರಲಿಲ್ಲ. ಮಾಳಬ್ಬೆ ಹೋಗಿ ನೋಡಿದರೆ ಮರದ ಕೆಳಗೆ ಅವಳ ಬುಟ್ಟಿ ಬಿದ್ದಿತ್ತು, ಅದರ ಪಕ್ಕದಲ್ಲಿ ಮಸಿಯ ಕಲೆಯಿತ್ತು.

ಮಾಳಬ್ಬೆ ಎದೆ ಎದೆ ಬಡಿದುಕೊಂಡು ಅತ್ತಳು. ಆಮೇಲೆ ಸೆರಗು ಸಿಕ್ಕಿಸಿಕೊಂಡು ಎದ್ದಳು. "ನಾನು ಗುಡ್ಡಕ್ಕೆ ಹೋಗ್ತೀನಿ" ಎಂದಳು. ಬಾಚರಸ ಓಲೆಯ ಕಟ್ಟು ಕೊಟ್ಟು, "ಅವನು ಏನೇ ಕೇಳಲಿ, ಓಲೆ ನೋಡಿ ಹೇಳು ಮಗಳೇ" ಎಂದ.

ಗುಡ್ಡದ ಬುಡದಲ್ಲಿ ನಾಯಿಯಷ್ಟು ದೊಡ್ಡ ಕೆಂಪಿರುವೆಯೊಂದು ದಾರಿಗೆ ಅಡ್ಡ ನಿಂತಿತ್ತು. "ನನ್ನ ಕೇರಿ ಯಾವುದು? ತಪ್ಪು ಹೇಳಿದರೆ ತಿನ್ನುತ್ತೇನೆ" ಎಂದಿತು. ಇರುವೆ ಎನ್ನುವ ಮಾತು ಮಾಳಬ್ಬೆಯ ನಾಲಗೆಯ ತುದಿಗೆ ಬಂದಿತ್ತು. ಆದರೆ ಮೊದಲು ಕಾಲು ಎಣಿಸು, ಆಮೇಲೆ ಬಾಯಿ ಬಿಡು ಎಂಬುದು ಹೆಸರಮನೆಯ ಮೊದಲ ಪಾಠ. ಎಣಿಸಿದಳು. ಆರು ಕಾಲು ನೆಲದ ಮೇಲಿದ್ದವು, ಇನ್ನೆರಡನ್ನು ಅದು ಮೀಸೆಯ ಹಾಗೆ ಮೇಲೆತ್ತಿ ಆಡಿಸುತ್ತಿತ್ತು.

"ಎಂಟು ಕಾಲು. ನೀನು ಇರುವೆಯ ವೇಷ ಹಾಕಿದ ಜೇಡ" ಎಂದಳು. ಅದು ಮುದುರಿಕೊಂಡು ದಾರಿ ಬಿಟ್ಟಿತು.

ಗುಡ್ಡದ ನಡುವಿನಲ್ಲಿ ಗುಡಿಸಲಿನಷ್ಟು ಎತ್ತರದ ಪ್ರಾಣಿ ಮಲಗಿತ್ತು. ಮೂತಿಯಿಂದ ಬಾಲದವರೆಗೆ ಹೆಂಚಿನಂತೆ ಚಿಪ್ಪು ಹೊದಿಸಿತ್ತು. "ನನ್ನ ಕೇರಿ ಯಾವುದು?" ಎಂದು ಅದೂ ಕೇಳಿತು. ಚಿಪ್ಪು ನೋಡಿದರೆ ಹಾವು ಹಲ್ಲಿಗಳ ಕೇರಿ ಎನ್ನಬೇಕು. ಮಾಳಬ್ಬೆ ಅವಸರ ಮಾಡಲಿಲ್ಲ, ಕೂತು ನೋಡಿದಳು. ಬಹಳ ಹೊತ್ತಿನ ಮೇಲೆ ಬಾಲಕ್ಕೆ ಅಂಟಿಕೊಂಡಿದ್ದ ಮರಿ ಜಾರಿ ಇಳಿದು ತಾಯಿಯ ಎದೆಗೆ ಬಾಯಿ ಹಾಕಿತು.

"ಮರಿಗೆ ಹಾಲೂಡಿಸೋಳು ಹಾವಿನ ಕೇರಿಯವಳಲ್ಲ ತಾಯಿ. ಹಸು, ಬೆಕ್ಕು, ನಾನು, ನೀನು, ಎಲ್ಲ ಒಂದೇ ಕೇರಿ" ಎಂದಳು. ಆ ಪ್ರಾಣಿ ಪಕ್ಕಕ್ಕೆ ಸರಿದು ದಾರಿ ಕೊಟ್ಟಿತು. ಅಷ್ಟರಲ್ಲಿ ಹೊತ್ತು ಪಡುವಣಕ್ಕೆ ಇಳಿದಿತ್ತು.

ಗುಡ್ಡದ ತುದಿಯಲ್ಲಿ ಇಂಗಳಕ ಒಂದು ಬಂಡೆಯ ಮೇಲೆ ಕುಳಿತಿದ್ದ. ಒಂಬೈನೂರು ವರ್ಷದ ಮುದುಕ. ಕೂದಲು ಮಾತ್ರ ಕಾಗೆಯಷ್ಟು ಕಪ್ಪು. ಪಕ್ಕದ ಕೊಂಬೆಯಲ್ಲಿ ಒಣಗಿದ ಕಾಯಿಯಂಥದ್ದು ಒಂದು ತೂಗುತ್ತಿತ್ತು.

"ನನ್ನ ತಂಗಿ ಎಲ್ಲಿ?" ಎಂದು ಮಾಳಬ್ಬೆ ಕೇಳಿದಳು.

ಇಂಗಳಕ ನಕ್ಕ. "ಇಲ್ಲಿ ಯಾರಿದ್ದಾರೆ ಮಗೂ? ನಾನು ಜನರನ್ನ ಹುಳ ಮಾಡ್ತೀನಿ, ಅಷ್ಟೇ. ಅವರ ಉಳಿದ ಆಯುಷ್ಯ ನನಗೆ ಸೇರಬೇಕಾದರೆ ಅವರು ಸಾಯಬೇಕು, ಆದರೆ ನಾನು ಕೊಲ್ಲಬಾರದು ಅಂತ ನನ್ನ ಗುರುವಿನ ಆಣೆ. ನಾನು ಇರುವೆಯನ್ನೂ ತುಳಿದವನಲ್ಲ. ಹುಳ ಆದವರೆಲ್ಲ ಗುರುತಿನವರು ಕಾಪಾಡ್ತಾರೆ ಅಂತ ನಿಮ್ಮ ಊರಿಗೇ ಹಾರಿ ಬರ್ತಾರೆ. ಉಳಿದದ್ದನ್ನ ನಿಮ್ಮಪ್ಪನ ಸೂಜಿ ನೋಡಿಕೊಳ್ಳುತ್ತೆ."

ಮಾಳಬ್ಬೆಯ ಕೈಯಿಂದ ಓಲೆಯ ಕಟ್ಟು ಜಾರಿ ಬಿತ್ತು. ನಲವತ್ಮೂರು ಹೊಸ ಹುಳು, ನಲವತ್ಮೂರು ಓಲೆ. ಬರೆದ ಕೈ ಅವಳದೇ. ಪಡುವಣದಲ್ಲಿ ಸೂರ್ಯ ಇನ್ನು ಒಂದು ಮಾರು ಮಾತ್ರ ಉಳಿದಿದ್ದ. ಇಲ್ಲಿಂದ ಊರಿಗೆ ಓಡಿದರೂ ಹೊತ್ತಿಗೆ ಮುಟ್ಟುವಂತಿರಲಿಲ್ಲ.

"ಬಂದವರಿಗೆ ನನ್ನ ಪ್ರಾಣ ಇರುವ ಜಾಗ ತೋರಿಸಲೇಬೇಕು ಅಂತಲೂ ಆಣೆ ಇದೆ" ಎಂದು ಇಂಗಳಕ ಕೊಂಬೆಯ ಕಡೆ ಬೆರಳು ಮಾಡಿದ. "ಇದರ ಸರಿಯಾದ ಹೆಸರು ಹೇಳಿದರೆ ನಾನು ಸಾಯ್ತೀನಿ. ತಪ್ಪಿದರೆ ನಿನಗೂ ಆರು ಕಾಲು. ನಿಮ್ಮ ಹುಡುಗರು ಮೂವರೂ ಓಲೆ ನೋಡಿ ಕಾಯಿ ಅಂದರು. ಪಂಡಿತರ ತಪ್ಪಿನಷ್ಟು ಭದ್ರವಾದ ಗವಿ ಈ ಲೋಕದಲ್ಲೇ ಇಲ್ಲ ಕಣೇ."

ಮಾಳಬ್ಬೆ ಬಿದ್ದ ಓಲೆಗಳನ್ನು ಎತ್ತಿಕೊಳ್ಳಲಿಲ್ಲ. ಇಪ್ಪತ್ತು ವರ್ಷ ನಂಬಿದ ಅಪ್ಪನ ಮಾತು ಒಂದು ಕಡೆ ಇತ್ತು, ತಾನು ಬೈದು ಕಳಿಸಿದ ತಂಗಿಯ ಮಡಕೆ ಒಂದು ಕಡೆ ಇತ್ತು. ಅವಳು ಕೊಂಬೆಯ ಕಡೆ ತಿರುಗಿ ಹೇಳಿದಳು:

"ಇದು ಕಾಯಿ ಅಲ್ಲ. ಹಸಿರು ಹುಳ, ಇದು, ಸಂಜೆಗಣ್ಣಿ, ಮೂರೂ ಒಂದೇ ಜೀವ. ಹುಳಕ್ಕೆ ಇಟ್ಟ ಹೆಸರು ಮೊದಲನೆಯದು, ಅದು ನಿಲ್ಲಲಿ. ಅದರ ಮನೆ ತಪ್ಪು. ಉಳಿದೆರಡು ಹೆಸರೂ ಸುಳ್ಳು, ನಮ್ಮಪ್ಪ ತಪ್ಪು ಮಾಡಿದ. ಇದು ಪುಡಿರೆಕ್ಕೆಮನೆಯ ಹಸುರಿ!"

ಕೊಂಬೆಯ ಮೇಲಿನ ಗೂಡು ಒಡೆಯಿತು. ಒದ್ದೆ ರೆಕ್ಕೆಯ ಜೀವವೊಂದು ಹೊರಬಂದು, ರೆಕ್ಕೆ ಬಿಚ್ಚಿ ಹಾರಿಹೋಯಿತು. ಇಂಗಳಕ ಕುಳಿತಲ್ಲೇ ಒಂದು ಹಿಡಿ ಮಸಿಯಾಗಿ ಉದುರಿದ.

ಮಾಳಬ್ಬೆ ಹಿಂದೆ ನೋಡದೆ ಓಡಿದಳು. ಕಲ್ಲಿಗೆ ಎಡವಿದಳು, ಬಿದ್ದಳು, ಎದ್ದಳು, ಮತ್ತೆ ಓಡಿದಳು.

ಹೆಸರಮನೆಯ ಬಾಗಿಲಲ್ಲಿ ಊರೇ ಸೇರಿತ್ತು. ಒಳಗೆ ಗಂಧದ ಪೆಟ್ಟಿಗೆಗಳೆಲ್ಲ ಒಡೆದು ಬಿದ್ದಿದ್ದವು. ಸಾಲುಸಾಲಾಗಿ ಜನ ಮಲಗಿದ್ದರು, ಎದೆಯಲ್ಲಿ ಸೂಜಿ, ಕಾಲಿಗೆ ಕಟ್ಟಿದ ಓಲೆ. ಬಾವಿಗೆ ಹೋದವಳಿದ್ದಳು, ಉಳಲು ಹೋದವನಿದ್ದ, ಮೂವರು ಶಿಷ್ಯರೂ ಇದ್ದರು. ಮಂತ್ರ ಹೋದರೂ ಸತ್ತವರು ಸತ್ತೇ ಇದ್ದರು.

ಮೇಜಿನ ಮೇಲೆ ಕಂಚಲೆ ಮಲಗಿದ್ದಳು. ಸೂಜಿ ಎಡ ಭುಜವನ್ನು ತೂರಿಹೋಗಿತ್ತು, ರಕ್ತ ಮೇಜಿನಿಂದ ತೊಟ್ಟಿಕ್ಕುತ್ತಿತ್ತು. ಆದರೆ ಉಸಿರಿತ್ತು. ಬಾಚರಸ ಎತ್ತಿದ ಕೈ ಇಳಿಸದೆ ಪಕ್ಕದಲ್ಲಿ ನಿಂತಿದ್ದ.

"ಕಂಚಿನ ಬಣ್ಣದ ಪುಟ್ಟ ಹುಳ ಕಣೇ" ಎಂದ, ಯಾರಿಗೋ ಹೇಳುವವನಂತೆ. "ಕೈ ಮೇಲೆ ಬಂದು ಕೂತುಕೊಳ್ತು. ಓಡಿಸಿದರೂ ಹೋಗಲಿಲ್ಲ. ಹೊತ್ತು ಮುಳುಗ್ತಾ ಇತ್ತು..."

ಮಾಳಬ್ಬೆ ತಂಗಿಯನ್ನು ತಬ್ಬಿಕೊಂಡು ಕೂಗಿ ಅತ್ತಳು. ನಲವತ್ಮೂರು ಹೆಣಗಳ ನಡುವೆ ತನಗೆ ಸಂತೋಷವಾಗುತ್ತಿದೆಯಲ್ಲ ಎಂದು ನಾಚಿ ಅತ್ತಳು. ಮಾರನೆಯ ದಿನ ಒಂದೊಂದೇ ಓಲೆ ಬಿಚ್ಚಿ, ಒಂದೊಂದೇ ಮನೆಗೆ ಹೋಗಿ, ಅವರವರ ಹೆಣ ಒಪ್ಪಿಸಿದಳು. ಕೆಲವರು ಅವಳ ಮುಖಕ್ಕೆ ಉಗಿದರು. ಅವಳು ಒರೆಸಿಕೊಳ್ಳಲಿಲ್ಲ.

ಅಂದಿನಿಂದ ಸುರಗಿನಾಡಿನಲ್ಲಿ ಹೊಸ ಕಟ್ಟಳೆ ಬಂತು. ಯಾವ ಜೀವಿಯನ್ನೇ ಆಗಲಿ, ಒಂದು ವರ್ಷ ಬದುಕಲು ಬಿಟ್ಟು ನೋಡದೆ ಹೆಸರಿಡುವಂತಿಲ್ಲ. ಮಾಳಬ್ಬೆ ಹೆಸರಮನೆಯ ಯಜಮಾನಿಯಾದಳು. ಮತ್ತೆ ಯಾರೂ ಮಾಯವಾಗಲಿಲ್ಲ. ಮಳೆ ಬೆಳೆ ಆಯಿತು, ಮದುವೆ ಮುಂಜಿ ನಡೆದವು, ಜನ ನಿಧಾನವಾಗಿ ನಗುವುದನ್ನು ಕಲಿತರು, ಸುಖವಾಗಿಯೇ ಬಾಳಿದರು.

ಬಾಚರಸನೂ ಬಹಳ ವರ್ಷ ಬದುಕಿದ. ದಿನಾ ಕಿರಿಮಗಳ ಭುಜಕ್ಕೆ ಎಣ್ಣೆ ಹಚ್ಚುವುದೊಂದೇ ಅವನ ಕೆಲಸ. ಒಂದು ದಿನ ಹಚ್ಚುತ್ತ ಹಚ್ಚುತ್ತ, ಅಷ್ಟು ದಿನ ಕೇಳದೆ ಉಳಿಸಿಕೊಂಡಿದ್ದ ಮಾತನ್ನು ಕೇಳಿಬಿಟ್ಟ.

"ಊರಲ್ಲಿ ಅಷ್ಟು ಮನೆ ಇದ್ದವಲ್ಲ ಮಗಳೇ. ನನ್ನ ಕೈ ಮೇಲೇ ಯಾಕೆ ಬಂದು ಕೂತೆ?"

"ನೀನು ಎಲ್ಲರನ್ನೂ ಗುರುತು ಹಿಡೀತೀಯಲ್ಲಪ್ಪ, ಅದಕ್ಕೆ" ಎಂದಳು ಕಂಚಲೆ.