ಮೂರನೇ ಪರೀಕ್ಷಕರ ಅಂಕ

"ದೇವರು ವರ ಕೊಟ್ರೂ ಪೂಜಾರಿ ಕೊಡಲ್ಲ ಅಂತಾರಲ್ಲ ಸರ್, ಆ ಪೂಜಾರಿನೇ ಈ ಮೂರನೇ ಪರೀಕ್ಷಕ!"

ಅನುದಾನ ಇಲ್ಲವೆಂದ ಪತ್ರವನ್ನು ಲೆಕ್ಕದ ಮೇಷ್ಟ್ರ ಮೇಜಿನ ಮೇಲೆ ಎಸೆದು, ಎದುರಿನ ಕುರ್ಚಿಯಲ್ಲಿ ಕುಸಿದೆ. ಬೆಳಗಿನಿಂದ ನಾಲ್ಕು ಕ್ಲಾಸ್ ನಿಂತೇ ಮುಗಿಸಿದ ಕಾಲುಗಳು ನನ್ನವು ಅನ್ನಿಸುತ್ತಿರಲಿಲ್ಲ.

ತಂತ್ರಜ್ಞಾನ ಬಳಸಿ ಹೊಸ ರೀತಿ ಪಾಠ ಮಾಡುವವರಿಗೆ ನಮ್ಮ ಯೂನಿವರ್ಸಿಟಿ ಪ್ರತಿ ವರ್ಷ ಅನುದಾನ ಕೊಡುತ್ತದೆ. ನಾನು ಅರ್ಜಿ ಹಾಕಿದ್ದು ಇದು ಮೂರನೇ ಸಲ. ನನ್ನ ಸಸ್ಯಶಾಸ್ತ್ರದ ಲ್ಯಾಬಿನಲ್ಲಿ ಎಂಬತ್ತು ಮಕ್ಕಳು, ಕೆಲಸ ಮಾಡುವ ಮೈಕ್ರೋಸ್ಕೋಪು ಐದು. ಸಾಲಿನ ಕೊನೆಯವಳಿಗೆ ಎಲೆಯ ಜೀವಕೋಶ ಕಾಣುವಷ್ಟರಲ್ಲಿ ಬೆಲ್ ಹೊಡೆಯುತ್ತದೆ. ಔಷಧಿ ಬಾಟಲಿಯ ಮುಚ್ಚಳದ ಆಸರೆಯಲ್ಲಿ ಮೈಕ್ರೋಸ್ಕೋಪಿಗೆ ಹಳೇ ಮೊಬೈಲ್ ಜೋಡಿಸಿ, ಎಲ್ಲರಿಗೂ ಪರದೆಯ ಮೇಲೆ ಒಟ್ಟಿಗೆ ತೋರಿಸಬೇಕೆಂಬುದಷ್ಟೇ ನನ್ನ ಆಸೆ. ಈ ಸಲ ಇಬ್ಬರು ಪರೀಕ್ಷಕರು ಕೈತುಂಬ ಅಂಕ ಕೊಟ್ಟಿದ್ದರು. ಮೂರನೆಯವರು ಅಂಕವನ್ನೇ ಕೊಡದೆ ಹಿಂದೆ ಸರಿದಿದ್ದರಿಂದ ಅರ್ಜಿ ಬಿದ್ದುಹೋಗಿತ್ತು.

"ಏನೋ ಕಾರಣ ಇರುತ್ತೆ ಮೇಡಂ," ಅಂದರು ಮೇಷ್ಟ್ರು, ತಲೆ ಎತ್ತದೆ.

ನನಗೆ ಆಶ್ಚರ್ಯವಾಯಿತು. ನಾನು ಬಂದರೆ ಪೆನ್ನಿಗೆ ಮುಚ್ಚಳ ಹಾಕಿ, ಕನ್ನಡಕವನ್ನು ಹಣೆಗೇರಿಸಿ ಮಾತಿಗೆ ಕೂರುವ ಮನುಷ್ಯ ಇವರು. "ಕನ್ನಡಕ ತೆಗೆದ್ರೆ ಏನು ಕಾಣುತ್ತೆ ನಿಮಗೆ?" ಅಂತ ಒಮ್ಮೆ ರೇಗಿಸಿದ್ದೆ. "ಹತ್ತಿರ ಇರೋದು ಚೆನ್ನಾಗಿ ಕಾಣುತ್ತೆ ಮೇಡಂ," ಅಂದು ನನ್ನನ್ನೇ ನೋಡಿದ್ದರು. ಆ ನೋಟದ ಬಗ್ಗೆ ಅಕ್ಕನಿಗೆ ಹೇಳಿ ತಪ್ಪು ಮಾಡಿದೆ. ಫೋನ್ ಮಾಡಿದಾಗಲೆಲ್ಲ, "ನಿನ್ನ ಮೇಷ್ಟ್ರು ಇನ್ನೂ ಲೆಕ್ಕಾನೇ ಹಾಕ್ತಿದ್ದಾರಾ?" ಅಂತ ಕೇಳುತ್ತಾಳೆ.

ಇವತ್ತು ಮಾತ್ರ ಕನ್ನಡಕ ಮೂಗಿನಿಂದ ಮೇಲೇಳಲಿಲ್ಲ.

"ಇವತ್ತು ಐದು ಗಂಟೆಯೊಳಗೆ ಮೇಲ್ಮನವಿ ಕೊಡಬಹುದಂತೆ," ಅಂದೆ. "ಕೊಡೋಕೂ ತ್ರಾಣ ಇಲ್ಲ ನನಗೆ."

"ಕೊಡಿ ಮೇಡಂ. ದಯವಿಟ್ಟು ಕೊಡಿ," ಅಂದರು.

ಎರಡು ಮಹಡಿ ಇಳಿದು ಆಫೀಸಿಗೆ ಹೋದೆ. ಗುಮಾಸ್ತರು ಫೈಲನ್ನೇ ನನ್ನ ಕೈಗಿಟ್ಟು, "ನಕಲು ತಗೊಂಡು ವಾಪಸ್ ಕೊಡಿ," ಅಂದರು. ಅಂಕಪಟ್ಟಿಯ ಹಿಂದೆ, ಅರ್ಜಿದಾರರ ಕಣ್ಣಿಗೆ ಬೀಳಬಾರದ ಹಾಳೆಯೊಂದು ಪಿನ್ನಿಗೆ ಸಿಕ್ಕಿಕೊಂಡಿತ್ತು.

ಅದು ಪರೀಕ್ಷಕರು ತುಂಬುವ ಫಾರಂ. ಅರ್ಜಿದಾರರೊಂದಿಗೆ ನಿಮ್ಮ ಸಂಬಂಧವೇನು? ಬಂಧು, ಸಂಗಾತಿ, ಸಹಲೇಖಕ, ಇತರೆ. 'ಇತರೆ' ಮುಂದೆ ಗುರುತು ಹಾಕಿ, ಕೆಳಗೆ ಪುಟ್ಟ ಅಕ್ಷರಗಳಲ್ಲಿ ಬರೆದಿತ್ತು:

"ಅರ್ಜಿಯಲ್ಲಿ ಹೆಸರಿಲ್ಲದಿದ್ದರೂ ಇದು ಯಾರದ್ದೆಂದು ತಿಳಿದಿದೆ. ಮೊಬೈಲ್ ಕೂರಿಸುವ ಔಷಧಿ ಬಾಟಲಿಯ ಮುಚ್ಚಳಕ್ಕೆ ತೂತು ಕೊರೆದವನು ನಾನೇ. ಇವರಿಗೆ ಎಷ್ಟು ಅಂಕ ಕೊಟ್ಟರೂ ನನಗೆ ಕಡಿಮೆ ಅನ್ನಿಸುತ್ತದೆ. ಈ ಮನಸ್ಥಿತಿ ನಾಲ್ಕು ವರ್ಷಗಳಿಂದ ಇದೆ. ವಾಸಿಯಾಗುವ ಲಕ್ಷಣವಿಲ್ಲ. ಆದ್ದರಿಂದ ಹಿಂದೆ ಸರಿಯುತ್ತಿದ್ದೇನೆ."

ಮುಚ್ಚಳ ಕೊರೆಯುವಾಗ ಮೇಷ್ಟ್ರ ಹೆಬ್ಬೆರಳು ಕುಯ್ದುಕೊಂಡಿತ್ತು. ನನ್ನ ಕರವಸ್ತ್ರವನ್ನೇ ಸುತ್ತಿದ್ದೆ. ಆ ಕರವಸ್ತ್ರ ಇವತ್ತಿನವರೆಗೂ ವಾಪಸ್ ಬಂದಿರಲಿಲ್ಲ.

ಫೈಲನ್ನು ಹಿಡಿದೇ ಮತ್ತೆ ಎರಡು ಮಹಡಿ ಹತ್ತಿದೆ. ಸುಸ್ತೋ ಸಿಟ್ಟೋ ಸಂತೋಷವೋ, ನನಗೇ ಗೊತ್ತಾಗಲಿಲ್ಲ.

ಹಾಳೆ ನೋಡಿದ್ದೇ ಮೇಷ್ಟ್ರು ಎದ್ದು ನಿಂತರು.

"ಸುಮ್ನೆ ಅಂಕ ಹಾಕಿದ್ರೆ ಆಗ್ತಿತ್ತಲ್ಲ ಸರ್? ಯಾರಿಗೆ ಗೊತ್ತಾಗ್ತಿತ್ತು?"

"ನನಗೆ ಗೊತ್ತಾಗ್ತಿತ್ತು. ನಾಳೆ ಯಾರಾದ್ರೂ, ಅವರ ದಯೆಯಿಂದ ಇವರಿಗೆ ಸಿಕ್ತು ಅಂದ್ರೆ? ನಿಮ್ಮ ಮೂರು ವರ್ಷದ ಕಷ್ಟಕ್ಕೆ ನಾನು ಮಸಿ ಬಳೀಬೇಕಾ? ನಾನು ಸರಿದ್ರೆ ಬೇರೆಯವರನ್ನ ಹಾಕ್ತಾರೆ ಅಂದ್ಕೊಂಡೆ. ಅರ್ಜಿನೇ ಕೈಬಿಡ್ತಾರೆ ಅಂತ ಗೊತ್ತಿರಲಿಲ್ಲ."

"ನಾಲ್ಕು ವರ್ಷ ಬಾಯಿಗೆ ಬೀಗ ಹಾಕ್ಕೊಂಡು, ಕೊನೆಗೆ ಆಫೀಸ್ ಫಾರಂಗೆ ಹೇಳಿದ್ರಾ?"

"ಅದು ಕೇಳ್ತು," ಅಂದರು ಮೆಲ್ಲಗೆ. "ನೀವು ಯಾವತ್ತೂ ಕೇಳಲಿಲ್ಲ."

ನಗು ಬಂತು. ಅದರ ಹಿಂದೆಯೇ ಕಣ್ಣಲ್ಲಿ ನೀರೂ ಬಂತು. ಅವರು ಅವಸರವಾಗಿ ಡ್ರಾಯರ್ ತೆಗೆದು ಕರವಸ್ತ್ರ ಚಾಚಿದರು. ಒಗೆದು ಮಡಿಸಿಟ್ಟಿದ್ದ, ನನ್ನದೇ ಕರವಸ್ತ್ರ.

"ಮೇಲ್ಮನವಿ ಜೊತೆ ಈ ಹಾಳೆನೂ ಲಗತ್ತಿಸಿ," ಅಂದರು. "ಕಾರಣ ತೋರಿಸಿದ್ರೆ ಹೊಸ ಪರೀಕ್ಷಕರನ್ನ ಹಾಕಲೇಬೇಕು."

"ಆಫೀಸೆಲ್ಲ ಓದುತ್ತೆ. ಆಡ್ಕೊಂಡು ನಗ್ತಾರೆ ಸರ್."

"ನಗಲಿ. ನಿಮ್ಮ ಮಕ್ಕಳಿಗೆ ಎಲೆ ಕಾಣ್ಲಿ." ಈಗ ಕನ್ನಡಕ ಹಣೆಗೇರಿತು. ಆ ಕಣ್ಣುಗಳೂ ದಣಿದಿದ್ದವು, ನನ್ನಷ್ಟೇ.

ನಾಲ್ಕು ಮುಕ್ಕಾಲಾಗಿತ್ತು. ಮೇಷ್ಟ್ರ ಪೆನ್ನನ್ನೇ ತೆಗೆದುಕೊಂಡು, ಅವರ ಮೇಜಿನ ಮೂಲೆಯಲ್ಲಿ ಮೂರು ಸಾಲು ಬರೆದೆ. ಇಬ್ಬರೂ ಮೆಟ್ಟಿಲಿಳಿದೆವು. ಮೊಣಕಾಲು ನೋವಿನ ನೆಪ ಹೇಳಿ ಅವರ ತೋಳು ಹಿಡಿದುಕೊಂಡೆ. ನೋವು ನಿಜವಾಗಿಯೂ ಇತ್ತು.

ಗುಮಾಸ್ತರು ನನ್ನ ಮೇಲ್ಮನವಿಯನ್ನು ಹತ್ತಿರ ಹಿಡಿದು ಜೋರಾಗಿ ಓದಿದರು. "ಮೂರನೇ ಪರೀಕ್ಷಕರು ಹಿಂದೆ ಸರಿದದ್ದು ಸರಿಯಾಗಿದೆ. ಅವರು ತಿಳಿಸಿರುವ ಮನಸ್ಥಿತಿ ಅರ್ಜಿದಾರಳಿಗೂ ಇದೆ. ಆದ್ದರಿಂದ ಬೇರೆ ಪರೀಕ್ಷಕರನ್ನು ನೇಮಿಸಬೇಕಾಗಿ ಕೋರಿಕೆ."

ಪಕ್ಕದಲ್ಲಿದ್ದ ತೋಳು ಬಿಗಿಯಾಯಿತು. ನಾನು ಆ ಕಡೆ ನೋಡಲಿಲ್ಲ.

ಗುಮಾಸ್ತರು ನನ್ನನ್ನು ನೋಡಿದರು, ಮೇಷ್ಟ್ರನ್ನು ನೋಡಿದರು, ಸೀಲು ಒತ್ತಿದರು.

"ಸ್ವೀಕೃತಿ ಪ್ರತಿ ಯಾರ ಕೈಗೆ ಕೊಡ್ಲಿ ಮೇಡಂ?"

"ನನಗೆ ಕೊಡಿ," ಅಂದರು ಮೇಷ್ಟ್ರು, ಎರಡೂ ಕೈ ಚಾಚಿ.